ಓಸ್ವಿನ್ ಪುರೋಹಿತನ ಕೊನೆಯ ಪ್ರಶ್ನೆ

ಪ್ರೀತಿಯ ಐವರ್,

ಸಿಗ್ನೆ ಈಗಷ್ಟೇ ನಿದ್ದೆಹೋದಳು. ಹೌದು, ಮಗಳಿಗೆ ನಿನ್ನ ಅಜ್ಜಿಯ ಹೆಸರನ್ನೇ ಇಟ್ಟೆ. "ಬೇಡ ಕಣೇ, ಆ ಹೆಸರಿಟ್ರೆ ತೊಟ್ಟಿಲಿಂದಾನೇ ಎಲ್ರನ್ನೂ ಬೈಯೋಕೆ ಶುರು ಮಾಡ್ತಾಳೆ" ಅಂದಿದ್ದೆ ನೀನು. ನಿನ್ನ ಮಾತು ಸುಳ್ಳಾಗಲಿಲ್ಲ. ಹಾಲು ಒಂದು ಗಳಿಗೆ ತಡವಾದರೂ ಹುಬ್ಬು ಗಂಟಿಕ್ಕಿ ನೋಡುತ್ತಾಳೆ ನೋಡು, ಥೇಟ್ ಆ ಮುದುಕಿಯೇ.

ಅವಳು ಮಲಗಿದಾಗ ನಾನೂ ಮಲಗಬೇಕಂತೆ. ನರ್ಸ್ ಹೇಳುತ್ತಾಳೆ, ನಿನ್ನ ಅಮ್ಮ ಹೇಳುತ್ತಾರೆ, ಪಕ್ಕದ ಮನೆಯ ಹುಡುಗಿಯೂ ಹೇಳುತ್ತಾಳೆ. ಆದರೆ ನಾನು ಮಲಗಿದರೆ ಅವಳ ಉಸಿರನ್ನು ಯಾರು ನೋಡುವುದು? ಬೆರಳನ್ನು ಅವಳ ಮೂಗಿನ ಬಳಿ ಹಿಡಿದು ಕೂರುತ್ತೇನೆ. ಬೆಚ್ಚನೆಯ ಗಾಳಿ ತಾಗಿದರೆ ಸಮಾಧಾನ, ಬೆರಳು ತೆಗೆದ ಕೂಡಲೇ ಮತ್ತೆ ಅನುಮಾನ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು. ಆರೋಗ್ಯವಂತ ಮಗು ಮಲಗಿದಲ್ಲೇ ಉಸಿರು ನಿಲ್ಲಿಸುವ ಸಾಧ್ಯತೆ ಎಷ್ಟು ಕಡಿಮೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ಮಾರ್ಚ್ ತಿಂಗಳ ಆ ಬೆಳಿಗ್ಗೆ ನೀನು ಗೆಳೆಯ ಡ್ವೇನ್ ಜೊತೆ ಮೀನು ಹಿಡಿಯಲು ಸರೋವರದ ಮಂಜುಗಡ್ಡೆಯ ಮೇಲೆ ಹೊರಟಾಗಲೂ ಲೆಕ್ಕವೆಲ್ಲ ನಿನ್ನ ಪರವಾಗಿಯೇ ಇತ್ತಲ್ಲ.

"ಅವನಿಗೆ ಏನೂ ಗೊತ್ತಾಗ್ಲಿಲ್ಲ. ಐಸ್ ಒಡೀತು, ಒಂದೇ ಕ್ಷಣ." ನೀನು ಹೋದಂದಿನಿಂದ ಈ ಮಾತನ್ನು ನನಗೆ ಎಲ್ಲರೂ ಹೇಳಿದ್ದಾರೆ. ಪೊಲೀಸರು ಹೇಳಿದರು, ಪಾದ್ರಿ ಹೇಳಿದರು, ನಿನ್ನ ಅಮ್ಮ ನನ್ನ ತಲೆ ಸವರುತ್ತಾ ಹೇಳಿದರು. ಎಲ್ಲರಿಗೂ ಅದು ಸಿಕ್ಕಿದ್ದು ಡ್ವೇನ್‌ನಿಂದ, ಅಲ್ಲಿದ್ದವನು ಅವನೊಬ್ಬನೇ. ನನಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಒಲೆಯ ಮೇಲಿದ್ದ ಕೆಟಲನ್ನು ನೋಡುತ್ತಾ ಹೇಳಿದ.

ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ನೀನು ಸಾಯುತ್ತೀಯ. ಒಂದೊಂದು ಸಲ ಒಂದೊಂದು ಥರ. ಕೆಲವೊಮ್ಮೆ ಮಂಜುಗಡ್ಡೆಯ ಕೆಳಗಿಂದ ಬಡಿಯುತ್ತಾ, ಕೆಲವೊಮ್ಮೆ ನನ್ನ ಹೆಸರು ಕೂಗುತ್ತಾ. ನನಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಐವರ್. ಅಷ್ಟೊಂದು ಸಾವುಗಳಲ್ಲಿ ನಿನ್ನದು ಯಾವುದು ಎಂದು ತಿಳಿಯಬೇಕಿತ್ತು. ಒಂದೇ ಆದರೆ ಹೊರಬಹುದೇನೋ ಅನ್ನಿಸಿತ್ತು.

ಅದನ್ನು ತಿಳಿಸಿಕೊಟ್ಟವನು ನಿನ್ನ ಓಸ್ವಿನ್. ಅದನ್ನು ಹೇಳಲೆಂದೇ ಈ ಪತ್ರ.

ಭಾನುವಾರ ಮಧ್ಯಾಹ್ನಗಳು ನೆನಪಿವೆಯಾ? ನಮ್ಮ ಅಡುಗೆಮನೆಯ ಮೇಜು, ಮೇಲೆ ನಕ್ಷೆ, ಪೆನ್ಸಿಲ್ಲು, ದಾಳಗಳು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ನಿಮ್ಮ ಕಥೆಯಾಟ. ಕಥೆ ನಡೆಸುವವನು, ಎದುರಾಗುವವರಿಗೆಲ್ಲ ದನಿ ಕೊಡುವವನು ಡ್ವೇನ್. ಶಾಲೆಯ ಬಸ್ ಓಡಿಸುವ ಪ್ಯಾಟಿ, ಅಷ್ಟು ದೊಡ್ಡ ಹೆಂಗಸು, ಆಟದಲ್ಲಿ ಮಾತ್ರ ಕೈಚಳಕದ ಕುಳ್ಳ ಕಳ್ಳಿ. ನಾನು ಸೋಫಾದಲ್ಲಿ ಹೆಣೆಯುತ್ತಾ ಕೂತ ಪ್ರೇಕ್ಷಕಿ. ನೀನು ಓಸ್ವಿನ್ ಎಂಬ ಪುರೋಹಿತ. ಒಂದು ವಾರ ಆಟದ ನಿಯಮಗಳ ದಪ್ಪನೆಯ ಹೊಸ ಪುಸ್ತಕ ತಂದು, ಇನ್ನು ಮುಂದೆ ನನ್ನ ಓಸ್ವಿನ್ ಬರೀ ಪುರೋಹಿತನಲ್ಲ, ಧರ್ಮದ ವಿರುದ್ಧ ಮಾತಾಡುವ ಪಾಷಂಡಿಗಳನ್ನು ಬೇಟೆಯಾಡುವ ಪುರೋಹಿತ ಎಂದು ಘೋಷಿಸಿದೆ. ನಾನು ನಕ್ಕುಬಿಟ್ಟೆ.

"ಜೇಡಾನ ಲೋಟದಲ್ಲಿ ಹಿಡ್ಕೊಂಡ್ ಹೋಗಿ ಅಂಗಳದಲ್ಲಿ ಬಿಡೋ ಗಂಡಸು ನೀನು. ನೀನು ಬೇಟೆ ಆಡ್ತೀಯಾ?"

"ಅದಕ್ಕೇ ಕಣೇ. ಮನೇಲಿ ಆಗದೇ ಇರೋದನ್ನ ತಾನೇ ಆಟದಲ್ಲಿ ಮಾಡೋದು?"

ಅಲ್ಲೂ ನಿನ್ನ ಕೈಯಲ್ಲಿ ಆಗಲಿಲ್ಲ. ಓಸ್ವಿನ್ ಹಿಡಿದವರಿಗೆಲ್ಲ ಮೊದಲು ಊಟ ಹಾಕಿಸಿ ಆಮೇಲೆ ವಿಚಾರಣೆ ಮಾಡುತ್ತಿದ್ದ. "ಇವನೇನು ಬೇಟೆಗಾರನೋ, ಹೋಟೆಲ್ ಇಟ್ಟೋನೋ!" ಎಂದು ಪ್ಯಾಟಿ ರೇಗಿಸುತ್ತಿದ್ದಳು.

ಅಂಥ ಪುರೋಹಿತನಿಗೆ ಪುಸ್ತಕ ಒಂದು ದೊಡ್ಡ ಶಕ್ತಿ ಕೊಟ್ಟಿತ್ತು. ಒಂದು ಬೇಟೆಗೆ ಒಂದು ಸಲ, ಆರೋಪಿಯ ಮಣಿಕಟ್ಟು ಹಿಡಿದು ಒಂದೇ ಒಂದು ಪ್ರಶ್ನೆ ಕೇಳಬಹುದು. ಅದಕ್ಕೆ ಸುಳ್ಳು ಉತ್ತರ ಸಾಧ್ಯವಿಲ್ಲ. ಪುಸ್ತಕ ಅಲ್ಲಿಗೆ ನಿಲ್ಲಿಸಿತ್ತು. "ಒಬ್ರನ್ನೇ ಬೆತ್ತಲೆ ನಿಲ್ಸೋದು ನ್ಯಾಯ ಅಲ್ಲ" ಎಂದು ನೀನೇ ಇನ್ನೊಂದು ನಿಯಮ ಸೇರಿಸಿದೆ: ಉತ್ತರ ಕೊಟ್ಟವನೂ ಪುರೋಹಿತನನ್ನು ಒಂದು ಪ್ರಶ್ನೆ ಕೇಳಬೇಕು, ಪುರೋಹಿತನೂ ಸತ್ಯವನ್ನೇ ಹೇಳಬೇಕು. ಬೇರೆಲ್ಲದರಲ್ಲೂ ನಿಮ್ಮನ್ನು ಯಾಮಾರಿಸುವ ಡ್ವೇನ್ ಈ ಪ್ರಶ್ನೆಗೆ ಮಾತ್ರ ಎಂದೂ ಸುಳ್ಳು ಹೇಳಿದವನಲ್ಲ. ನೀನು ಆಟದ ಮಧ್ಯೆ ಥಟ್ಟನೆ ಅವನ ಮಣಿಕಟ್ಟು ಹಿಡಿದು, "ಫ್ರಿಜ್ಜಲ್ಲಿದ್ದ ಕೊನೇ ಮಾಂಸದ ಪ್ಯಾಸ್ಟಿ ತಿಂದೋನು ಯಾರು?" ಅಂದದ್ದು, ಅವನು ಕಿವಿ ಕೆಂಪಾಗಿಸಿಕೊಂಡು "ನಾನೇ ಮಾರಾಯ" ಅಂದದ್ದು ನೆನೆದರೆ ಈಗಲೂ ನಗು ಬರುತ್ತದೆ. ಬಂದು, ಅರ್ಧಕ್ಕೇ ನಿಲ್ಲುತ್ತದೆ.

ನೀನು ಹೋಗುವಾಗ ಆಟದಲ್ಲಿ ಓಸ್ವಿನ್ ಗಂಟೆಗೋಪುರದ ಬಾಗಿಲಲ್ಲಿದ್ದ. ಒಳಗೆ, ಅವನು ಎರಡು ಚಳಿಗಾಲ ಬೆನ್ನಟ್ಟಿದ್ದ ಪಾಷಂಡಿ, ಗಂಟೆ ಬಾರಿಸುವ ಮುದುಕಿ. ಅವಳು ಊರೂರಲ್ಲಿ ಸಾರುತ್ತಿದ್ದ ಮಾತಾದರೂ ಏನು? ಕ್ಷಮಿಸುವ ಹಕ್ಕು ದೇವರಿಗಿಲ್ಲ, ಪುರೋಹಿತನಿಗಂತೂ ಇಲ್ಲವೇ ಇಲ್ಲ. ಅದು ನೋವುಂಡವನಿಗೆ ಮಾತ್ರ. ಅಷ್ಟಕ್ಕೇ ಅವಳು ಪಾಷಂಡಿ.

ಮೇ ತಿಂಗಳಲ್ಲಿ ಸಿಗ್ನೆ ಹುಟ್ಟಿದಳು. ಮೊದಲ ಹಿಮ ಬೀಳುವ ಹೊತ್ತಿಗೆ ಪ್ಯಾಟಿ ಫೋನ್ ಮಾಡಿದಳು. "ಆಟ ನಿಲ್ಸೋಕೂ ಮನಸ್ಸು ಬರ್ತಿಲ್ಲ, ಆಡೋಕೂ ಆಗ್ತಿಲ್ಲ. ಓಸ್ವಿನ್ ಇನ್ನೂ ಆ ಬಾಗಿಲಲ್ಲೇ ನಿಂತಿದ್ದಾನೆ ಕಣಮ್ಮ. ಪಾಪ, ಕಾಲು ನೋಯ್ತಿರುತ್ತೆ. ನೀನೇ ಬಂದು ಒಳಗೆ ಕರ್ಕೊಂಡ್ ಹೋಗು."

ನಮ್ಮ ಮನೆಯಲ್ಲೇ ಸೇರಿದೆವು. ನಿನ್ನ ದಾಳಗಳು ಆ ಹಳೇ ಉಣ್ಣೆಯ ಕಾಲುಚೀಲದಲ್ಲೇ ಇದ್ದವು. ಒಬ್ಬರ ದಾಳ ಇನ್ನೊಬ್ಬರು ಮುಟ್ಟಬಾರದು ಎಂದು ನೀವೆಲ್ಲ ಎಷ್ಟು ಕಟ್ಟುನಿಟ್ಟು! ನಾನು ಚೀಲಕ್ಕೆ ಕೈ ಹಾಕಿದಾಗ ಇಬ್ಬರೂ ನೆಲ ನೋಡಿದರು. ಡ್ವೇನ್ ಸೊರಗಿಹೋಗಿದ್ದ. ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದ. ಸಿಗ್ನೆ ನನ್ನ ಎದೆಗೆ ಕಟ್ಟಿದ ಬಟ್ಟೆಯಲ್ಲಿ ನಿದ್ದೆಹೋಗಿದ್ದಳು. ಅವಳನ್ನು ನಾನು ಯಾರ ಕೈಗೂ ಕೊಡುವುದಿಲ್ಲ, ನಿನ್ನ ಅಮ್ಮನ ಕೈಗೂ.

ಓಸ್ವಿನ್ ಮೆಟ್ಟಿಲು ಹತ್ತಿದ. ಡ್ವೇನ್ ಮುದುಕಿಯ ಒಡಕು ದನಿಯಲ್ಲಿ, "ಬಂದ್ಯಾ ಪುರೋಹಿತಪ್ಪ? ಇಷ್ಟು ತಡ ಯಾಕೆ?" ಅಂದ. ಆಗ ನಾನು ಮೇಜಿನಾಚೆಗೆ ಕೈ ಚಾಚಿದೆ. ಅವನು ತನ್ನ ಕೈ ಮೇಲಕ್ಕೆ ತಂದ. ಮಣಿಕಟ್ಟು ಹಿಡಿದೆ.

"ಪ್ರಶ್ನೆ ಕೇಳ್ತಾಳೆ! ಪ್ರಶ್ನೆ!" ಪ್ಯಾಟಿ ಕುರ್ಚಿಯಲ್ಲೇ ಕುಣಿದಳು. "ಗೋಪುರದ ನಿಧಿ ಎಲ್ಲಿ ಬಚ್ಚಿಟ್ಟಿದ್ದಾಳೆ ಕೇಳೇ!"

"ಅವತ್ತು ಏನಾಯ್ತು, ಡ್ವೇನ್?"

"ಡ್ವೇನ್ ಅಲ್ಲಮ್ಮ, ಮುದುಕಿ ಹೆಸರು..." ಎಂದ ಪ್ಯಾಟಿಯ ಮಾತು ಅಲ್ಲೇ ನಿಂತಿತು.

ಅವನು ಕೈ ಎಳೆದುಕೊಳ್ಳಬಹುದಿತ್ತು. ಇದು ಆಟ, ಇದು ನ್ಯಾಯವಲ್ಲ ಎಂದು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮುದುಕಿಯ ದನಿಯಲ್ಲೇ ಶುರುಮಾಡಿದ, ಎರಡು ಮಾತಿನಲ್ಲಿ ಆ ದನಿ ಕಳಚಿಬಿತ್ತು.

"ಒಂದು ಕ್ಷಣ ಅಲ್ಲ ಮರಿಟ್. ತುಂಬಾ ಹೊತ್ತು. ನಾನು ಬೋರಲು ಮಲಗಿ ತೆವಳ್ಕೊಂಡು ಹೋದೆ. ಕೈ ಸಿಕ್ತು. ನೀನೀಗ ಹಿಡ್ಕೊಂಡಿದ್ದೀಯಲ್ಲ, ಹಿಂಗೇ. ಬಿಡಬೇಡ ಕಣೋ ಅಂದ. ಮಗು ಬರ್ತಾ ಇದೆ ಕಣೋ ಅಂದ. ಹೆದರಿದ್ದ. ನನ್ನ ಎದೆ ಕೆಳಗೆ ಐಸ್ ಬಿರುಕು ಬಿಡ್ತಾ ಇತ್ತು, ಸದ್ದು ಕೇಳಿಸ್ತಿತ್ತು. ಜಾರಿಹೋಯ್ತು ಅಂತ ಹೇಳ್ಬೋದು. ಜಾರ್ಲಿಲ್ಲ. ನಾನು ಬಿಟ್ಟೆ. ನನ್ನೇ ನೋಡ್ತಿದ್ದ, ಬಿಟ್ಟೆ."

ಪ್ಯಾಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾನು ಕಿರುಚುತ್ತೇನೆ ಅಂದುಕೊಂಡಿದ್ದೆ, ಕಿರುಚಲಿಲ್ಲ. ಒಳಗೆ ಒಂದೊಂದಾಗಿ ಎಲ್ಲ ಐವರ್‌ಗಳೂ ಎದ್ದು ಹೋದರು. ಒಬ್ಬನೇ ಉಳಿದ. ತಣ್ಣೀರಿಂದ ಕೈ ಚಾಚಿ, ಬಿಡಬೇಡ ಎಂದವನು. ಇವನನ್ನು ನಾನು ಬಲ್ಲೆ. ಇವನೇ ನನ್ನವನು.

"ಈಗ ನಿನ್ನ ಪ್ರಶ್ನೆ" ಅಂದೆ. ನಿಯಮ ನಿನ್ನದು, ಮುರಿಯಲು ನಾನ್ಯಾರು?

ಅವನು ಬಟ್ಟೆಯೊಳಗಿನ ಪುಟ್ಟ ತಲೆಯನ್ನು ನೋಡಿದ. "ಇವಳನ್ನ ಯಾವತ್ತಾದ್ರೂ ನನ್ನ ಕೈಗೆ ಕೊಡ್ತೀಯಾ?"

ಸುಳ್ಳು ಹೇಳುವಂತಿರಲಿಲ್ಲ. "ಇಲ್ಲ" ಅಂದೆ.

"ಸರಿ" ಅಂದ. ಆಮೇಲೆ ಕಥೆ ನಡೆಸುವವನು ಕೇಳಲೇಬೇಕಾದ ಮಾತನ್ನು ಕೇಳಿದ: "ಓಸ್ವಿನ್ ಏನು ಮಾಡ್ತಾನೆ?"

ಶಿಕ್ಷೆಯೋ ಕ್ಷಮೆಯೋ ಓಸ್ವಿನ್ ನುಡಿಯಬೇಕಿತ್ತು. ನುಡಿಯಲು ಅವನ ಬಾಯಾಗಿದ್ದವಳು ನಾನು. ನಾನು ಕ್ಷಮಿಸಿದೆ ಎನ್ನಲು ಬಾಯಿ ಬರಲಿಲ್ಲ. ನೀರಲ್ಲಿದ್ದವಳು ನಾನಲ್ಲವಲ್ಲ. ನಿನ್ನ ಪರವಾಗಿ ಅದನ್ನು ಕೊಡಲು ನನಗೆ ಹಕ್ಕಿಲ್ಲ, ನಿನ್ನ ಪರವಾಗಿ ಶಿಕ್ಷಿಸಲೂ ಇಲ್ಲ. ಆ ಹುಚ್ಚು ಮುದುಕಿ ಹೇಳುತ್ತಿದ್ದುದೂ ಅಷ್ಟೇ ಅಲ್ಲವೇ?

"ಓಸ್ವಿನ್ ಕೊರಳಲ್ಲಿರೋ ಬೇಟೆಗಾರರ ಮುದ್ರೆ ತೆಗೆದು ಮೆಟ್ಟಿಲ ಮೇಲಿಡ್ತಾನೆ" ಅಂದೆ. "ಅವಳು ಹೇಳೋದು ನಿಜ ಅಂತ ಅವನಿಗೆ ಅನ್ಸಿದೆ. ಇನ್ನು ಅವನು ಬೇಟೆಗಾರ ಅಲ್ಲ."

ಪ್ಯಾಟಿ ಮೂಗೊರೆಸಿಕೊಂಡಳು. "ಅಂದ್ರೆ ಈಗ ಇವನೇ ಪಾಷಂಡಿ ಆದ. ಇವನನ್ನ ಹಿಡಿಯೋಕೆ ಇನ್ನೊಬ್ಬ ಬರ್ತಾನೆ, ನೆನಪಿರ್ಲಿ. ಅವನು ಊಟಗೀಟ ಹಾಕ್ಸಲ್ಲ." ಅತ್ತುಕೊಂಡೇ ಪಾತ್ರೆ ತೊಳೆಯಲು ಎದ್ದಳು.

ಸಿಗ್ನೆ ಎದ್ದಳು, ಹಾಲು ಕುಡಿದಳು, ತೊಟ್ಟಿಲಲ್ಲಿ ಮತ್ತೆ ಮಲಗಿದಳು. ಡ್ವೇನ್ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ನಿದ್ದೆಗೆಟ್ಟು ನನಗೆ ಗೋಡೆಗಳು ತೂಗಾಡುತ್ತಿದ್ದವು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ತಿಳಿಯದು.

"ಎತ್ಕೋಬೇಡ. ಮುಟ್ಟಲೂಬೇಡ. ಪಕ್ಕದಲ್ಲಿ ಕೂತ್ಕೊಂಡು ಉಸಿರಾಡ್ತಾಳಾ ನೋಡ್ತಿರು. ನಾನು ಸ್ವಲ್ಪ ಮಲಗ್ತೀನಿ."

ಮಲಗಿದೆ, ಐವರ್. ನೀನು ಹೋದ ಮೇಲೆ ಮೊದಲ ಸಲ ಕಲ್ಲಿನಂತೆ ಮಲಗಿದೆ. ಎದ್ದಾಗ ಕಿಟಕಿಯಲ್ಲಿ ಹಿಮ ಸುರಿಯುತ್ತಿತ್ತು. ಅವನು ಕೋಟು ಬಿಚ್ಚದೆ, ತೊಟ್ಟಿಲ ಮೇಲೆ ಬಾಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದ. ತುಟಿ ಅಲುಗುತ್ತಿತ್ತು. ಅವಳ ಉಸಿರು ಎಣಿಸುತ್ತಿದ್ದ.

"ಒಂದೂ ಬಿಟ್ಟಿಲ್ಲ" ಅಂದ.

ಅವನು ಈಗ ಪ್ರತಿ ಭಾನುವಾರ ಬರುತ್ತಾನೆ. ಎಣಿಸುತ್ತಾನೆ, ನಾನು ಮಲಗುತ್ತೇನೆ. ಸಿಗ್ನೆಯನ್ನು ಅವನ ಕೈಗೆ ಇನ್ನೂ ಕೊಟ್ಟಿಲ್ಲ. ಅವನೂ ಮತ್ತೆ ಕೇಳಿಲ್ಲ. ಉಳಿದದ್ದು ನಿನಗೂ ಅವನಿಗೂ ಸೇರಿದ್ದು. ನೀನು ಕ್ಷಮಿಸುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ. ಜೇಡವನ್ನು ಲೋಟದಲ್ಲಿ ಹೊತ್ತು ಹೋಗುತ್ತಿದ್ದ ನಿನ್ನ ಬೆನ್ನು ಮಾತ್ರ ಆಗಾಗ ಕಣ್ಣ ಮುಂದೆ ಬರುತ್ತದೆ.

ಸಿಗ್ನೆ ಮಿಸುಕುತ್ತಿದ್ದಾಳೆ, ಹುಬ್ಬು ಗಂಟಾಗಿದೆ. ಏಳಬೇಕು. ನೀನಿರುವಲ್ಲಿ ನೀರು ತಣ್ಣಗಿರದಿರಲಿ. ನಿನಗೂ ಒಂದು ನಿದ್ದೆ ಸಿಗಲಿ.

ನಿನ್ನ ಕೈ ಹಿಡಿದವಳು,
ಮರಿಟ್