ಕಿಟಕಿ ಮೇಜಿನ ಆಡುಗಳು

ಜೂನ್ 9, 1997. ಸೋಮವಾರ
ಒಂಬತ್ತಕ್ಕೆ ಬಂದೆ. ಅದೇ ಕಿಟಕಿ ಪಕ್ಕದ ಮೇಜು. ಕೆಲಸ ಇಲ್ಲ — ಇಂದಿಗೆ ಹನ್ನೊಂದು ತಿಂಗಳು. ಇಲ್ಲಿ ಜಪಾನಿನ ಕಂಪನಿಗಳಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ. ಬೇಸತ್ತು ತಾನೇ ಹೋಗಲಿ ಎಂದು ಸುಮ್ಮನೆ ಕೂರಿಸುತ್ತಾರೆ. ಹೋಗುವುದಿಲ್ಲ. ಅಕ್ಟೋಬರ್ 19ಕ್ಕೆ ಮಗಳು ಚಿಜುರುವಿನ ಮದುವೆ. ಅಲ್ಲಿಯವರೆಗಾದರೂ ಮದುಮಗಳ ಅಪ್ಪನಿಗೆ ಹೇಳಿಕೊಳ್ಳಲು ಒಂದು ಕಂಪನಿ ಇರಬೇಕು. ಬೀಗರೆದುರು ಮಗಳು ತಲೆ ತಗ್ಗಿಸಬಾರದು.

ಜೂನ್ 11
ಚಿಜುರು ಫ್ಲಾಪಿ ಕೊಟ್ಟಿದ್ದಳು. "ಕೆಲಸದ ಮಧ್ಯೆ ಒಂಚೂರು ನಕ್ಕುಬಿಡಪ್ಪ." ಪಾಪ, ಅವಳಿಗೇನು ಗೊತ್ತು. ಕಂಪ್ಯೂಟರಿಗೆ ಹಾಕಿದೆ. ಪರದೆ ಮೇಲೆ ಮೂರು ಗೊಂಬೆ ಆಡು! ತೆರೆದ ಕಡತದ ಅಂಚಿನಲ್ಲಿ ನಡೆಯುತ್ತವೆ, ಅಕ್ಷರ ಮೇಯುತ್ತವೆ. ಕಡತ ಮುಚ್ಚಿದರೆ ದೊಪ್ಪನೆ ಬೀಳುತ್ತವೆ. ಅವಕ್ಕೂ ಓಡಾಡಲು ಜಾಗ ಬೇಕಲ್ಲ... ಆರು ಖಾಲಿ ಕಡತ ತೆರೆದಿಟ್ಟೆ. ಕಣ್ಣು ಸೋತಿತು. ಆದರೂ ಸಂಜೆಯಾದದ್ದು ಗೊತ್ತಾಗಲಿಲ್ಲ.

ಜೂನ್ 20
ರವಾನೆ ವಿಭಾಗದ ಹುಡುಗಿ ಹಟಾನೊ ಚಹಾ ತಂದವಳು ಕಿಸಕ್ಕನೆ ನಕ್ಕಳು. "ಅಯ್ಯೋ ಸರ್, ನನ್ನ ತಮ್ಮನ ಥರಾನೇ ಬೀಳತ್ತಲ್ಲ ಇದು! ನಂಗೂ ಒಂದು ಕಾಪಿ ಕೊಡಿ." ಹನ್ನೊಂದು ತಿಂಗಳಲ್ಲಿ ಈ ಮೇಜಿಗೆ ಬಂದ ಮೊದಲ ಕೆಲಸ.

ಜೂನ್ 27
ಹಟಾನೊ ವಿಭಾಗದವರೆಲ್ಲ ಕೇಳಿದರೆಂದು ಇಪ್ಪತ್ತೆರಡು ಫ್ಲಾಪಿ ಮಾಡಿ ಅವಳ ಕೈಗೆ ಕೊಟ್ಟೆ. ಚೀಟಿ ಅಂಟಿಸಿ, ದಿನಾಂಕ ಬರೆದು, ನನ್ನ ಹೆಸರಿನ ಕೆಂಪು ಮುದ್ರೆ ಒತ್ತಿ. ಮೂವತ್ತೊಂದು ವರ್ಷದಲ್ಲಿ ಮುದ್ರೆ ಒತ್ತದೆ ಏನನ್ನೂ ಬೇರೆಯವರ ಕೈಗೆ ಕೊಟ್ಟವನಲ್ಲ. ಬೆನ್ನು ನೋವು. ಖುಷಿಯೂ ಹೌದು.

ಜುಲೈ 8
ಬೆಳಿಗ್ಗೆ ರವಾನೆಯ ಕಂಪ್ಯೂಟರುಗಳೆಲ್ಲ ನಿಂತವು. ಆಡುಗಳು ಮರಿ ಹಾಕುತ್ತಾ ಹೋಗಿ ಪರದೆಯೇ ಕಾಣದಾಯಿತಂತೆ. ಮಧ್ಯಾಹ್ನದವರೆಗೆ ಲಾರಿಗಳು ಹೊರಡಲಿಲ್ಲ. ಮುಖ್ಯಸ್ಥ ತ್ಸುಕುಡ ಕರೆದರು. ಒಂದು ಕಾಲದಲ್ಲಿ ಅವರಿಗೆ ಕೆಲಸ ಕಲಿಸಿದವನು ನಾನೇ. ಎದುರಿಗೆ ಫ್ಲಾಪಿಗಳ ಸಾಲು, ಎಲ್ಲದರ ಮೇಲೂ ನನ್ನ ಮುದ್ರೆ.
"ಏನ್ ಒರಿಕಾಸ ಸರ್... ಯಾರು ಅಂತ ಹುಡುಕೋ ಕಷ್ಟಾನೂ ಕೊಡಲಿಲ್ವಲ್ಲ ನೀವು."
"ತಪ್ಪಾಯ್ತು."
"ಹಟಾನೊನೂ ಹಂಚಿದಾಳೆ. ಇಬ್ಬರ ಮೇಲೂ ಮೇಲಿನವರಿಗೆ ವರದಿ ಬರೀಬೇಕಾಗತ್ತೆ. ನೀವೇ ರಾಜೀನಾಮೆ ಕೊಟ್ರೆ ಇಲ್ಲಿಗೇ ಮುಗಿಯತ್ತೆ."
ಅಕ್ಟೋಬರ್‌ವರೆಗೆ ಬಿಡಿ ಎಂದೆ. ಎಂದೆ ಏನು, ಅಂಗಲಾಚಿದೆ. ಅವರು ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿದರು.

ಜುಲೈ 11
ರಾಜೀನಾಮೆ ಬರೆದುಕೊಟ್ಟೆ. ಹಟಾನೊ ಮೆಟ್ಟಿಲ ಬಳಿ ಅಳುತ್ತಿದ್ದಳು. "ನಿಂದೇನೂ ತಪ್ಪಿಲ್ಲ ಕಣಮ್ಮ, ಹೋಗು, ಕೆಲಸ ನೋಡು." ಸಿಟ್ಟಿಲ್ಲ. ಸುಸ್ತು, ಅಷ್ಟೇ.

ಜುಲೈ 13, ಭಾನುವಾರ
ಮನೆಯಲ್ಲಿ ಹೇಳಿಲ್ಲ. ಚಿಜುರು ಬಂದಿದ್ದಾಳೆ. ಬೀಗರಿಗೆ ಕಳಿಸುವ ನಮ್ಮ ಕುಟುಂಬದ ಪಟ್ಟಿ ಬರೆಯುತ್ತಿದ್ದಾಳೆ, ಕುಂಚದಲ್ಲಿ, ನಾಲಗೆ ಕಚ್ಚಿಕೊಂಡು. "ಅಪ್ಪಾ, ನಿನ್ನ ಕಂಪನಿ ಹೆಸರು ಪೂರ್ತಿ ಬರೀಲಾ? ಹುದ್ದೆ ಏನಂತ ಹಾಕ್ಲಿ?"
ಕನ್ನಡಕ ತರುತ್ತೇನೆಂದು ಈ ಕೋಣೆಗೆ ಬಂದೆ. "ಬೇಗ ಬಾಪ್ಪ, ಶಾಯಿ ಆರತ್ತೆ!" ಎಂದು ಕೂಗುತ್ತಿದ್ದಾಳೆ. ಹೋಗಬೇಕು. ಹೋಗಿ...