ಮೂರು ವರ್ಷ ಖಾಲಿ

ಅಣ್ಣಿಗೇರಿ
೧೨ ಜುಲೈ ೨೦೨೪

ಪ್ರೀತಿಯ ಸುಭಾಸಣ್ಣನಿಗೆ ತಂಗಿ ನಂದಾಳ ನಮಸ್ಕಾರ.

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಸಿಟ್ಟಾಗಬೇಡ. ಬರೆಯಲು ಕೂತರೆ ನಾಲ್ಕು ಸಾಲಿಗೇ ಹರಿದು ಒಲೆಗೆ ಹಾಕುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಆಫೀಸಿನಲ್ಲಿದ್ದೇನೆ ಎಂದು ಇಟ್ಟುಬಿಡುತ್ತೀ. ರೋಹಿಣಿ ವೈನಿಯ ಬೆನ್ನುನೋವು ಕಡಿಮೆಯಾಯಿತೆ? ಹೇಮಂತನ ಕೆಮ್ಮು? ಬಾಗಲಕೋಟೆಯ ಧೂಳಿನಲ್ಲಿ ಕೂಸನ್ನು ಹೊರಗೆ ಬಿಡಬೇಡಿರಿ. ಇಲ್ಲಿ ಅಪ್ಪ ಹೆಸರುಕಾಳಿನ ಹೊಲಕ್ಕೆ ಕಳೆ ಹೋಗಲೆಂದು ಎಡೆ ಹೊಡೆಸುತ್ತಿದ್ದಾನೆ. ಅವ್ವ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಬಿದ್ದಾಳೆಂದು ನಾನು ಹಿಂದೆ ಹಿಂದೆ ಹೋದರೆ ಬೈಯುತ್ತಾಳೆ.

ನನ್ನ ಕೆಲಸ ಹೋಯಿತು ಅಣ್ಣಾ. ಸೇರುವ ಮೊದಲೇ ಹೋಯಿತು.

ಹುಬ್ಬಳ್ಳಿಯಲ್ಲಿ ಆ ದೊಡ್ಡ ಹಣಕಾಸಿನ ಕಂಪನಿಯವರು ಕಂಪ್ಯೂಟರ್ ಕೆಲಸಕ್ಕೆ ಸಂದರ್ಶನ ಇಟ್ಟಿದ್ದು ನಿನಗೆ ಗೊತ್ತು. ರೈಲು ತಪ್ಪೀತೆಂದು ನಸುಕಿನಲ್ಲೇ ಸ್ಟೇಷನ್ನಿಗೆ ಹೋದೆ. ದಾರಿಯುದ್ದಕ್ಕೂ ಚೀಲ ಬಿಚ್ಚಿ, ಮಾರ್ಕ್ಸ್‌ಕಾರ್ಡು ಇವೆಯೋ ಇಲ್ಲವೋ ನೋಡುವುದೇ ಆಯಿತು. ಕಂಪನಿಯಲ್ಲಿ ನೀರು ಕುಡಿದರೆ ಸಂದರ್ಶನದ ನಡುವೆ ಏಳಬೇಕಾದೀತೆಂದು ನೀರು ಮುಟ್ಟದೆ ಕೂತಿದ್ದೆ. ನವಲಗುಂದದ ರೇಷ್ಮಾಬಿ, ಅವಳೂ ಇದೇ ಕೆಲಸಕ್ಕೆ ಬಂದವಳು, ಬಾಜು ಕೂತು ನನ್ನ ಮುಖ ನೋಡಿ, "ಇಂಟರ್‌ವ್ಯೂಕ್ಕ ಬಂದಿಯೋ ಆಪರೇಷನ್ನಿಗೆ ಬಂದಿಯೋ ಬೇ?" ಎಂದಳು. ನಗು ಬಂತು, ಸ್ವಲ್ಪ ಧೈರ್ಯವೂ ಬಂತು.

ಮೊದಲು ಕಂಪ್ಯೂಟರಿನ ಮೇಲೆ ಪರೀಕ್ಷೆ. ಅದಾದ ಮೇಲೆ ಕಂಪನಿಯ ಇಬ್ಬರು ಹುಡುಗರು ಎದುರಿಗೆ ಕೂಡಿಸಿಕೊಂಡು, ಒಂದೇ ಖಾತೆಯಿಂದ ಇಬ್ಬರು ಒಂದೇ ಗಳಿಗೆಗೆ ದುಡ್ಡು ತೆಗೆದರೆ ಲೆಕ್ಕ ತಪ್ಪದ ಹಾಗೆ ಪ್ರೋಗ್ರಾಂ ಹೇಗೆ ಬರೆಯುತ್ತೀರಿ ಎಂದು ಕೇಳಿದರು. ಒಬ್ಬರದು ಮುಗಿಯುವ ತನಕ ಖಾತೆಗೆ ಬೀಗ ಹಾಕಬೇಕು ಎಂದು ಬರೆದು ತೋರಿಸಿದೆ. ಬೆವರಿಗೆ ಪೆನ್ನು ಜಾರುತ್ತಿತ್ತು. ಸರಿಯಿದೆ ಎಂದರು.

ಕೊನೆಗೆ ಎಚ್.ಆರ್. ಮೇಡಂ. ಒಂಬತ್ತನೇ ಇಯತ್ತೆಗೂ ಎಸ್ಸೆಸ್ಸೆಲ್ಸಿಗೂ ನಡುವೆ ಏನು ಮಾಡುತ್ತಿದ್ದಿರಿ ಎಂದರು. ಅವ್ವನಿಗೆ ಲಕ್ವಾ ಹೊಡೆದಿತ್ತು, ಅಣ್ಣನ ಓದು ಕೆಡಬಾರದೆಂದು ನನ್ನ ಶಾಲೆ ಬಿಡಿಸಿದರು, ಆಮೇಲೆ ಹೊರಗಿನಿಂದ ಪರೀಕ್ಷೆಗೆ ಕಟ್ಟಿ ಬಿಸಿಎವರೆಗೆ ಬಂದೆ ಎಂದು ಇದ್ದುದನ್ನು ಇದ್ದ ಹಾಗೆ ಹೇಳಿದೆ.

"ಅಂದರೆ ಮೂರು ವರ್ಷ ಖಾಲಿ," ಎಂದರು.

"ಖಾಲಿ ಇರಲಿಲ್ಲರೀ," ಎಂದೆ. ಬಾಯಿಂದ ಹೊರಟಿದ್ದು ಅಷ್ಟೇ.

ಈಗ ಹೇಳುತ್ತೇನೆ ಕೇಳು. ಅವ್ವನ ಬೆನ್ನು ಹುಣ್ಣಾಗದಂತೆ ಮಗ್ಗಲು ಹೊರಳಿಸಿದ್ದು ಖಾಲಿಯೆ? ಚಮಚದಲ್ಲಿ ಗಂಜಿ ಹಾಕಿ, ಸೊಟ್ಟ ತುಟಿಯಿಂದ ಇಳಿದದ್ದನ್ನು ಒರೆಸಿದ್ದು? ಅವಳ ಬಟ್ಟೆ ಒಗೆದದ್ದು, ರೊಟ್ಟಿ ಬಡಿದು ಅಪ್ಪನಿಗೆ ಬುತ್ತಿ ಕಟ್ಟಿದ್ದು, ಗೆಳತಿಯರು ಶಾಲೆಗೆ ಹೋಗುವಾಗ ಬಾಗಿಲ ಮರೆಗೆ ನಿಂತದ್ದು? ಇದನ್ನು ರೇಷ್ಮಾಬಿಗೆ ಹೇಳಿದರೆ, "ಆ ಮೇಡಮ್ಮಗ ಎಂಟು ದಿನ ನಿಮ್ಮವ್ವನ ಬೆಡ್‌ಪ್ಯಾನ್ ಕೊಡಬೇಕಿತ್ತಲೇ, ಖಾಲಿ ಮಾಡೂದಂದ್ರ ಏನಂತ ತಿಳೀತಿತ್ತು," ಎಂದಳು.

ಆದರೂ ಆರಿಸಿದರು. ಮೂರು ವರ್ಷದ ಮಾತು ಖರೆಯೋ ಎಂದು ವಿಚಾರಿಸಲು ಮನೆಯವರೊಬ್ಬರ ನಂಬರು ಕೇಳಿದರು, ಕೊಟ್ಟೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿಸಿದಳು. ವಾರದೊಳಗೆ ಮೇಲ್ ಬಂತು: ನೀವು ಕೊಟ್ಟ ಮಾಹಿತಿ ಸುಳ್ಳು, ತೆಗೆದುಕೊಳ್ಳಲಾಗದು. ಫೋನು ಮಾಡಿದರೆ ಎತ್ತಲಿಲ್ಲ. ಹುಬ್ಬಳ್ಳಿಗೇ ಹೋಗಿ ಗೇಟಿನಲ್ಲಿ ಕಾದೆ. ಮೇಡಂ ಹೊರಗೆ ಬಂದು, ನಿಂತ ನಿಲುವಿನಲ್ಲಿ ಕಾರಣ ಹೇಳಿ ಕಾರು ಹತ್ತಿದರು. ಕೆಲಸಕ್ಕೆಂದು ಹೋದವಳು ಸುಳ್ಳಿ ಎನಿಸಿಕೊಂಡು ತಿರುಗಿ ಬಂದೆ. ಬೇರೆ ಕಂಪನಿಗಳಿಗೂ ಇದು ತಿಳಿದೀತೇನೋ, ಅಲ್ಲೂ ಹೀಗೇ ಆದೀತೇನೋ ಎಂದು ಚಿಂತೆ ಹತ್ತಿದೆ. ಆ ಮೇಡಮ್ಮಿಗೆ, ನಿನ್ನ ಮನೆಯಲ್ಲೂ ಒಬ್ಬರು ಮಲಗಿ ಏಳದಂತಾಗಲಿ ಎಂದು ಶಾಪ ಹಾಕಲು ಹೋದೆ. ಮಲಗಿದವರ ಪಾಡು ಕಂಡವಳು ನಾನು, ಬಾಯಿ ಬರಲಿಲ್ಲ.

ಅವ್ವನಿಗೆ ಇನ್ನೂ ಹೇಳಿಲ್ಲ. ಕೆಲಸಕ್ಕೆ ಯಾವಾಗ ಹೋಗುತ್ತೀ ಎಂದು ದಿನಾ ಕೇಳುತ್ತಾಳೆ.

ವೈನಿಗೆ ನನ್ನ ನಮಸ್ಕಾರ. ಹೇಮಂತನಿಗೆ ಅತ್ತೆಯ ಆಶೀರ್ವಾದ. ಚೆನ್ನಾಗಿ ಓದಲಿ, ಯಾರ ಗೇಟಿನಲ್ಲೂ ಅವನು ಕಾಯುವಂತಾಗದಿರಲಿ. ದೇವರು ನಿಮ್ಮೆಲ್ಲರನ್ನು ಸುಖವಾಗಿಟ್ಟಿರಲಿ.

ನಿನ್ನ ತಂಗಿ
ನಂದಾ

ತಾ.ಕ.: ನಂಬರು ನಿನ್ನದೇ ಕೊಟ್ಟಿದ್ದೆ. ಓದಿದವನು, ತಡವರಿಸದೆ ಹೇಳುತ್ತೀ ಎಂದು. ಅವರ ಫೋನು ಬಂದದ್ದನ್ನು ನೀನು ನನಗೆ ತಿಳಿಸಲೇ ಇಲ್ಲ. ಗೇಟಿನಲ್ಲಿ ಮೇಡಂ ಹೇಳಿದ್ದು ಇದು: "ನಿಮ್ಮಣ್ಣನವರನ್ನೇ ಕೇಳಿದೆವು. ತಾಯಿಯನ್ನು ನೋಡಿಕೊಳ್ಳಲು ಕೆಲಸದವಳಿದ್ದಳಂತೆ. ನಿಮಗೆ ಓದಿನಲ್ಲಿ ಮನಸ್ಸಿರಲಿಲ್ಲವಂತೆ, ನೀವಾಗಿಯೇ ಬಿಟ್ಟಿರಂತೆ." ಆಫೀಸಿನವರು ಬಾಜು ಕೂತಿದ್ದರು, ಮರ್ಯಾದೆಗೆ ಹೆದರಿ ಹಾಗೆಂದೆ ಎಂದರೆ ಹೇಗೋ ತಡೆದುಕೊಂಡೇನು. ನೀನು ಇಷ್ಟು ವರ್ಷ ಹಾಗೇ ನೆನಪಿಟ್ಟುಕೊಂಡಿದ್ದೀಯೇನೋ ಎಂಬುದೇ ನನ್ನ ಹೆದರಿಕೆ. ಅಣ್ಣಾ, ಆ ಕೆಲಸದವಳ ಹೆಸರೇನು?