ಮೂರು ಕೀವಿ ಹಣ್ಣು

ಜೊಂಜು, ಭಾನುವಾರ

ತಮ್ಮ ತೇಸೋಪ್,

ಅಮ್ಮನ ಎಪ್ಪತ್ತರ ಹುಟ್ಟುಹಬ್ಬಕ್ಕೆ ದನದ ಪಕ್ಕೆಮಾಂಸ ನೆನೆಹಾಕಿ ಕಳಿಸುವ ಕೆಲಸವೊಂದನ್ನೇ ನಿನಗೆ ಒಪ್ಪಿಸಿದ್ದೆ. ಸೋಯಾ, ಬೆಳ್ಳುಳ್ಳಿ, ತುರಿದ ಪೇರ್ ಹಣ್ಣು ಎಂದು ಬರೆದೂ ಕೊಟ್ಟಿದ್ದೆ. ನೀನು ಪೇರ್ ಬದಲು ಮೂರು ಕೀವಿ ಹಣ್ಣು ಹಿಂಡಿ ಎರಡು ದಿನ ಬಿಟ್ಟೆಯಂತೆ. ಕೀವಿ ರಸಕ್ಕೆ ಮಾಂಸ ಕರಗಿ ಮುದ್ದೆಯಾಗಿ ಇಕ್ಕಳಕ್ಕೇ ಸಿಗಲಿಲ್ಲ. ಅರ್ಧ ಜಾಲರಿಯಿಂದ ಕೆಂಡಕ್ಕೆ ಸೋರಿತು. ಸುಟ್ಟ ಮಾಂಸ ತುಂಡು ಮಾಡಿ ಬಡಿಸಲು ನೆಂಟರ ಮುಂದೆ ಕತ್ತರಿ ಹಿಡಿದು ನಿಂತ ನನಗೆ ಕತ್ತರಿಸಲು ಏನೂ ಇರಲಿಲ್ಲ.

ಹಲ್ಲಿನ ಸೆಟ್ಟು ಬಂದಾಗಿನಿಂದ ಅಮ್ಮ ಮಾಂಸ ಮುಟ್ಟಿರಲಿಲ್ಲ. ಇವತ್ತು ಉಳಿದದ್ದನ್ನು ಚಮಚದಲ್ಲಿ ಎರಡು ಬಟ್ಟಲು ತಿಂದು, “ಇಷ್ಟು ವರ್ಷ ನೀನು ನಂಗೆ ಚಪ್ಪಲಿ ತಿನ್ನಿಸ್ತಿದ್ದೆ ಕಣೇ” ಅಂದರು. ನೆಂಟರೆಲ್ಲ ನಕ್ಕರು.

ಮುಂದಿನ ಭಾನುವಾರಕ್ಕೂ ಅವರಿಗೊಂದು ಡಬ್ಬಿ ಕಳಿಸು. ಕೀವಿ ಮೂರೇ ಇರಲಿ. ಜಾಣತನ ತೋರಿಸಿ ನಾಲ್ಕು ಹಾಕಬೇಡ.

ನಿನ್ನ ಅಕ್ಕ,
ಉನ್‌ಗ್ಯೊಂಗ್